ಎರಡೂ ಮುಕ್ಕಾಲು ಗಂಟೆಯ ಲೆಕ್ಕ: ಓಟಿ ಹಾಕಲು ಕ್ಯಾಸಿಯೊ ಎಫ್‌ಎಕ್ಸ್-991ಎಂಎಸ್

ಈ ಕ್ಯಾಲ್ಕುಲೇಟರ್ ನಾನು ಕೊಂಡಿದ್ದಲ್ಲ. ಮಗಳು ಡಿಪ್ಲೊಮಾಗೆ ಸೇರಿದಾಗ ಅವಳಿಗೆ ಅಂತ ತಂದಿದ್ದು. ಅವಳ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮನೆಯ ಶೋಕೇಸಿನಲ್ಲಿ ಸುಮ್ನೆ ಕೂತಿತ್ತು. ಈಗ ಒಂದೂವರೆ ವರ್ಷದಿಂದ ಅದು ಪೀಣ್ಯದಲ್ಲಿ ನನ್ನ ಟೇಬಲ್ ಮೇಲಿದೆ. ತಿಂಗಳಿಗೆ 32 ಜನರ ಓಟಿ (ಓವರ್‌ಟೈಮ್) ಅದರಲ್ಲೇ ಲೆಕ್ಕ ಹಾಕುತ್ತೇನೆ. ಇಷ್ಟು ದಿನ ಬಳಸಿದ ಮೇಲೆ ಇದರ ಬಗ್ಗೆ ಬರೆಯಲೇಬೇಕು ಅನ್ನಿಸಿತು. ಸಣ್ಣ ಯೂನಿಟ್‌ಗಳಲ್ಲಿ ಸಂಬಳ ಮಾಡುವವರಿಗೆ ಇದರಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದು ನನಗೆ ಸಿಕ್ಕಿಲ್ಲ.

ನಮ್ಮದು ಪೀಣ್ಯ ಎರಡನೇ ಹಂತದಲ್ಲಿರುವ ಮಷಿನ್ ಶಾಪ್. ಕಂಪ್ಯೂಟರ್‌ನಿಂದ ನಡೆಯುವ ನಾಲ್ಕು ಸಿಎನ್‌ಸಿ, ಎರಡು ವಿಎಂಸಿ ಮೆಷಿನ್, ಮೂರು ಹಳೇ ಲೇತ್. ಅಕೌಂಟ್ಸ್, ಹಾಜರಿ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಎಲ್ಲಾ ನಾನೇ ನೋಡಿಕೊಳ್ಳುತ್ತೇನೆ. ಬೆಳಗ್ಗೆ ಎಂಟೂವರೆಗೆ ಶಿಫ್ಟ್ ಶುರು, ಐದಕ್ಕೆ ಮುಗಿಯುತ್ತದೆ. ಊಟಕ್ಕೆ ಅರ್ಧ ಗಂಟೆ ಕಳೆದರೆ ಸರಿಯಾಗಿ 8 ಗಂಟೆ. ಅದರಾಚೆ ದುಡಿದದ್ದೆಲ್ಲ ಓಟಿ. ಆರ್ಡರ್ ಜೋರಿದ್ದ ತಿಂಗಳಲ್ಲಿ ಓಟಿ ಇಲ್ಲದವರೇ ಇರುವುದಿಲ್ಲ.

ಇದಕ್ಕೂ ಮುಂಚೆ ನಾವು ಸಂಬಳಕ್ಕೆ ಒಂದು ಸಾಫ್ಟ್‌ವೇರ್ ಬಳಸುತ್ತಿದ್ದೆವು. ಹಾಜರಿಯ ಪಂಚಿಂಗ್ ಮೆಷಿನ್‌ನಿಂದ ಫೈಲ್ ತೆಗೆದು ಅದಕ್ಕೆ ಹಾಕಿದರೆ ಪೇ ಸ್ಲಿಪ್ ರೆಡಿ. ನಾನೂ ಹಾಯಾಗಿದ್ದೆ. ಒಂದು ತಿಂಗಳು ಸಿಂಧನೂರಿನ ಒಬ್ಬ ಹುಡುಗ ಸ್ಲಿಪ್ ಹಿಡಿದುಕೊಂಡು ಬಂದ. ಆ ತಿಂಗಳು ಊರ ಜಾತ್ರೆಗೆ ಹೋಗಿದ್ದರಿಂದ ಅವನು ಓಟಿ ಮಾಡಿದ್ದು ಒಂದೇ ದಿನ. ಅವನ ಓಟಿ ದರ ಗಂಟೆಗೆ 177 ರೂಪಾಯಿ 50 ಪೈಸೆ. ಸ್ಲಿಪ್‌ನಲ್ಲಿ ಓಟಿ 2.45, ಹಣ 434.88 ಎಂದು ಬಂದಿತ್ತು.

"ಮೇಡಂ ರೀ, ಎರಡೂ ಮುಕ್ಕಾಲು ತಾಸು ದುಡದೀನ್ರಿ. ಎರಡೂವರಿ ತಾಸಿಗೇ 443 ರೂಪಾಯಿ ಮುಕ್ಕಾಲ ಆಗತೈತಿ. ನನಗ 434 ಹೆಂಗ ಬಂತ್ರೀ?"

ನಾನು ಸ್ಲಿಪ್ ನೋಡಿದೆ, ಅವನ ಮುಖ ನೋಡಿದೆ, ಮತ್ತೆ ಸ್ಲಿಪ್ ನೋಡಿದೆ. ಅವನು ಹೇಳಿದ್ದು ಸರಿಯಾಗಿತ್ತು. 2 ಗಂಟೆ 45 ನಿಮಿಷ ಅಂದರೆ ಎರಡೂ ಮುಕ್ಕಾಲು. ಅದಕ್ಕೆ 488 ರೂಪಾಯಿ 13 ಪೈಸೆ ಬರಬೇಕಿತ್ತು. ಪಂಚಿಂಗ್ ಫೈಲ್‌ನಲ್ಲಿ ಗಂಟೆ ಮತ್ತು ನಿಮಿಷದ ನಡುವೆ ಒಂದು ಚುಕ್ಕಿ ಇತ್ತು. ಸಾಫ್ಟ್‌ವೇರ್ ಆ ಚುಕ್ಕಿಯನ್ನು ದಶಮಾಂಶ ಅಂದುಕೊಂಡು, ಎರಡು ಗಂಟೆ ಮತ್ತು ನೂರರಲ್ಲಿ ನಲವತ್ತೈದು ಭಾಗ ಎಂದು ಲೆಕ್ಕ ಹಾಕಿತ್ತು. ಆ ಒಂದು ಸಂಜೆಗೆ ಅವನಿಗೆ ಹೋಗಿದ್ದು 53 ರೂಪಾಯಿ 25 ಪೈಸೆ.

ಈ ತಪ್ಪಿನಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ವಿಷಯ. ಇದು ಯಾವತ್ತೂ ಒಂದೇ ಕಡೆ ವಾಲುವ ತಪ್ಪು. ಅರ್ಧ ಗಂಟೆ .30 ಆಗುತ್ತದೆ, .50 ಆಗಬೇಕು. ಕಾಲು ಗಂಟೆ .15 ಆಗುತ್ತದೆ, .25 ಆಗಬೇಕು. ಯಾವ ನಿಮಿಷ ತೆಗೆದುಕೊಂಡರೂ ಕಮ್ಮಿಯೇ. ಒಂದು ದಿನ ಕಳೆದುಕೊಂಡದ್ದು ಇನ್ನೊಂದು ದಿನ ಸರಿಹೋಗುವುದೇ ಇಲ್ಲ. ಪ್ರತಿ ಸಲವೂ ಕೆಲಸದವನ ಜೇಬಿಗೇ ಕತ್ತರಿ. ಆ ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದಾಗ ನಿಮ್ಮ ಫೈಲ್ ಸರಿಯಿಲ್ಲ ಎಂದರು. ಫೈಲ್ ಯಾವ ರೀತಿಯಲ್ಲಿ ಇರಬೇಕು ಎಂದು ಮೊದಲು ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಬಟನ್ ಒತ್ತಿ ಬಂದ ಉತ್ತರವನ್ನು ಒಂದು ಸಲವೂ ಕೈಯಲ್ಲಿ ಹಾಕಿ ನೋಡಿರಲಿಲ್ಲ. ಹಿಂದಿನ ಆರು ತಿಂಗಳ ಲೆಕ್ಕ ಮತ್ತೆ ಮಾಡಿ, ಬಾಕಿ ಎಲ್ಲ ಕೊಟ್ಟುಬಿಡಿ ಎಂದು ನಮ್ಮ ಓನರ್ ಹೇಳಿದರು.

ಆ ರಾತ್ರಿ ಮನೆಯಲ್ಲಿ ಮಾಮೂಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಪ್ರತಿ ನಿಮಿಷವನ್ನೂ 60ರಿಂದ ಭಾಗಿಸುತ್ತಾ ಕೂತಿದ್ದೆ. ಮಗಳು ನೋಡಿ, "ಅಮ್ಮಾ, ನನ್ನ ಕ್ಯಾಲ್ಕುಲೇಟರ್‌ನಲ್ಲಿ ಡಿಗ್ರಿ ಕೀ ಇದೆಯಲ್ಲ, ಅದರಲ್ಲಿ ಮಾಡು" ಎಂದಳು.

ಆ ಕೀಲಿಯ ಮೇಲೆ ಒಂದು ಪುಟ್ಟ ಸೊನ್ನೆ, ಒಂದು ಗೀಟು, ಎರಡು ಗೀಟು ಇದೆ. ಕೋನಗಳ ಲೆಕ್ಕಕ್ಕೆ ಇಟ್ಟಿರುವುದು. ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್. ಗಂಟೆಯದ್ದೂ ಅದೇ ಲೆಕ್ಕ ಅಲ್ವಾ? ಡಿಗ್ರಿ ಇರುವ ಕಡೆ ಗಂಟೆ ಅಂದುಕೊಂಡರೆ ಮುಗಿಯಿತು. ನಮ್ಮ ತಾತ ಪಂಚಾಂಗ ನೋಡುತ್ತಿದ್ದರು. ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ, ಒಂದು ಘಳಿಗೆ ಅಂದರೆ ನಮ್ಮ 24 ನಿಮಿಷ ಎಂದು ಬೆರಳು ಮಡಚಿ ಹೇಳಿಕೊಡುತ್ತಿದ್ದರು. ಹೊತ್ತಿನ ಲೆಕ್ಕ ಅರವತ್ತರಲ್ಲೇ ನಡೆಯುವುದು ನಮಗೆ ಹೊಸದೇನಲ್ಲ.

ಬಳಸುವುದು ಹೀಗೆ. 2 ಒತ್ತಿ, ಆ ಕೀಲಿ ಒತ್ತಿ, 45 ಒತ್ತಿ, ಮತ್ತೆ ಆ ಕೀಲಿ ಒತ್ತಿ. ಅಲ್ಲಿಗೆ 2 ಗಂಟೆ 45 ನಿಮಿಷ ಒಳಗೆ ಹೋಯಿತು. ಕೂಡಿಸುವ ಗುರುತು ಹಾಕಿ ಮುಂದಿನ ದಿನದ್ದು ಸೇರಿಸಿ. ಒಂದು ಉದಾಹರಣೆ ಕೊಡುತ್ತೇನೆ. ಒಬ್ಬರ ತಿಂಗಳ ಓಟಿ ಆರು ದಿನದ್ದು ಅಂದುಕೊಳ್ಳಿ: 2 ಗಂಟೆ 45 ನಿಮಿಷ, 1 ಗಂಟೆ 30, 3 ಗಂಟೆ 10, ಬರೀ 50 ನಿಮಿಷ, ಮತ್ತೆ 2 ಗಂಟೆ 45, ಕೊನೆಗೆ 1 ಗಂಟೆ 40. ಸಮ ಚಿಹ್ನೆ ಒತ್ತಿದರೆ 12 ಡಿಗ್ರಿ 40 ಎಂದು ಬರುತ್ತದೆ. ಅಂದರೆ 12 ಗಂಟೆ 40 ನಿಮಿಷ. ಈಗ ಆ ಡಿಗ್ರಿ ಕೀಲಿಯನ್ನು ಇನ್ನೊಂದು ಸಲ ಒತ್ತಿ. ಅದೇ ಉತ್ತರ 12.66666667 ಆಗಿ ದಶಮಾಂಶಕ್ಕೆ ಬದಲಾಗುತ್ತದೆ. 177.50ರಿಂದ ಗುಣಿಸಿದರೆ 2,248 ರೂಪಾಯಿ 33 ಪೈಸೆ.

ಇದನ್ನೇ ಚುಕ್ಕಿ ಇಟ್ಟು ಮಾಮೂಲಿಯಾಗಿ ಕೂಡಿದ್ದರೆ 11.20 ಬರುತ್ತಿತ್ತು. ಹಣ ಸರಿಯಾಗಿ 1,988 ರೂಪಾಯಿ. ಒಬ್ಬರಿಗೆ ಒಂದು ತಿಂಗಳಲ್ಲಿ 260 ರೂಪಾಯಿ ಕಮ್ಮಿ. ಹೆಲ್ಪರ್ ಆಗಿರುವ ಹುಡುಗನಿಗೆ 260 ರೂಪಾಯಿ ಅಂದರೆ ನಾಲ್ಕೈದು ದಿನದ ಮಧ್ಯಾಹ್ನದ ಊಟ.

ಈ ಕ್ಯಾಲ್ಕುಲೇಟರ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿರುವುದು ಎರಡು ಸಾಲಿನ ಪರದೆ. ಮೇಲಿನ ಸಾಲಿನಲ್ಲಿ ನಾವು ಒತ್ತಿದ್ದೆಲ್ಲ ಹಾಗೇ ಕಾಣುತ್ತದೆ, ಕೆಳಗೆ ಉತ್ತರ. ಬಾಣದ ಕೀಲಿ ಒತ್ತಿದರೆ ಹಾಕಿದ ಲೆಕ್ಕದೊಳಗೆ ಹಿಂದಕ್ಕೂ ಮುಂದಕ್ಕೂ ಹೋಗಬಹುದು. ಒಂದು ದಿನದ ನಿಮಿಷ ತಪ್ಪಾಗಿದ್ದರೆ ಅದೊಂದನ್ನೇ ತಿದ್ದಿ ಮತ್ತೆ ಸಮ ಒತ್ತಿದರೆ ಆಯಿತು. ಮಾಮೂಲಿ ಕ್ಯಾಲ್ಕುಲೇಟರ್‌ನಲ್ಲಿ ಮೊದಲಿಂದ ಶುರು ಮಾಡಬೇಕು. ಇಲ್ಲಿ ಎದುರು ನಿಂತವರಿಗೆ, "ನೋಡಪ್ಪ, ಇದು ನಿನ್ನ ಸೋಮವಾರದ್ದು, ಇದು ಗುರುವಾರದ್ದು" ಎಂದು ಬೆರಳಿಟ್ಟು ತೋರಿಸಬಹುದು. ಒಂದು ಸಾಲಿಗೆ 79 ಹೆಜ್ಜೆಗಳು ಹಿಡಿಯುತ್ತವೆ, ಇಲ್ಲಿ ಒಂದು ಕೀಲಿ ಒತ್ತಿದರೆ ಒಂದು ಹೆಜ್ಜೆ. ಅಂದರೆ ಸುಮಾರು ಹದಿಮೂರು ದಿನದ ಓಟಿ. ಹಾಗಾಗಿ ನಾನು ತಿಂಗಳನ್ನು ವಾರ ವಾರ ಮಾಡಿಕೊಂಡು, ಪ್ರತಿ ವಾರದ ಮೊತ್ತವನ್ನು ಓಟಿ ರಿಜಿಸ್ಟರ್‌ನಲ್ಲಿ ಬರೆದು, ಕೊನೆಗೆ ನಾಲ್ಕೈದು ಮೊತ್ತಗಳನ್ನು ಕೂಡುತ್ತೇನೆ. ವಾರಕ್ಕೆ 48 ಗಂಟೆ ದಾಟಿದೆಯಾ ಎಂದು ನೋಡುವುದಕ್ಕೂ ಇದೇ ಅನುಕೂಲ.

ಈ 177.50 ಎಲ್ಲಿಂದ ಬಂತು ಎಂದು ಹೇಳದಿದ್ದರೆ ಲೆಕ್ಕ ಅರ್ಧವಾಗುತ್ತದೆ. ಆ ಹುಡುಗನ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 18,460 ರೂಪಾಯಿ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 710. 8ರಿಂದ ಭಾಗಿಸಿದರೆ ಗಂಟೆಗೆ 88.75. ಅದರ ದುಪ್ಪಟ್ಟು 177.50. 26 ಯಾಕೆ ಎಂದು ತುಂಬಾ ಜನ ಕೇಳುತ್ತಾರೆ. ವಾರಕ್ಕೊಂದು ರಜೆ ತೆಗೆದರೆ ತಿಂಗಳಲ್ಲಿ ಉಳಿಯುವ ಕೆಲಸದ ದಿನ ಸುಮಾರು 26. ಕರ್ನಾಟಕದ ಕನಿಷ್ಠ ವೇತನದ ಅಧಿಸೂಚನೆಗಳಲ್ಲೂ ದಿನದ ದರ ತೆಗೆಯುವುದು ತಿಂಗಳ ವೇತನವನ್ನು 26ರಿಂದ ಭಾಗಿಸಿಯೇ. ಕೆಲವು ಕಡೆ ಓಟಿಗೆ ಮಾತ್ರ 30ರಿಂದ ಭಾಗಿಸುತ್ತಾರೆ. ಆಗ ಇದೇ ಹುಡುಗನ ದರ 153.83ಕ್ಕೆ ಇಳಿಯುತ್ತದೆ. ಗಂಟೆಗೆ 23 ರೂಪಾಯಿಗಿಂತ ಜಾಸ್ತಿ ವ್ಯತ್ಯಾಸ. ಅಷ್ಟೇ ದುಡಿಮೆ, ಅಷ್ಟೇ ಹೊತ್ತು. ಯಾರಾದರೂ ನಿಮ್ಮ ಓಟಿ ದರ ಇಷ್ಟು ಎಂದರೆ, ಎಷ್ಟರಿಂದ ಭಾಗಿಸಿದಿರಿ ಎಂದು ಮೊದಲು ಕೇಳಿ.

ದುಪ್ಪಟ್ಟು ಅನ್ನುವುದು ಓನರ್‌ಗಳ ಉದಾರತನ ಅಲ್ಲ, ಕಾನೂನು. 1948ರ ಫ್ಯಾಕ್ಟರೀಸ್ ಆಕ್ಟ್‌ನ 59ನೇ ಸೆಕ್ಷನ್‌ನಲ್ಲಿ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದರೆ ಸಾಮಾನ್ಯ ದರದ ಎರಡರಷ್ಟು ಕೊಡಬೇಕು ಎಂದಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲೂ ಓಟಿಗೆ ದುಪ್ಪಟ್ಟೇ. ಬದಲಾಗಿರುವುದು ಯಾವುದರ ದುಪ್ಪಟ್ಟು ಎಂಬುದರಲ್ಲಿ. ಬೇಸಿಕ್ ಸಣ್ಣದಾಗಿ ಇಟ್ಟು ಉಳಿದದ್ದನ್ನೆಲ್ಲ ಭತ್ಯೆ ಎಂದು ತೋರಿಸುವ ಅಭ್ಯಾಸ ಬಹಳ ಕಡೆ ಇದೆ. ಈಗ ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟು ಹಣ ವೇತನಕ್ಕೇ ಸೇರುತ್ತದೆ. ಹಾಗಾಗಿ ಹಳೇ ಗಂಟೆ ದರವನ್ನೇ ಹಾಕುತ್ತಾ ಹೋಗಬೇಡಿ, ಒಂದು ಸಲ ಕೂತು ಹೊಸದಾಗಿ ತೆಗೆಯಿರಿ.

ಕ್ಯಾಲ್ಕುಲೇಟರ್‌ಗೆ ವಾಪಸ್ ಬರುತ್ತೇನೆ. ಹೊಸದಾಗಿ ಬಳಸುವವರು ಎಡವುವ ಜಾಗಗಳು ಕೆಲವು ಇವೆ, ನಾನು ಎಡವಿಯೇ ಕಲಿತದ್ದು. ಬರೀ 50 ನಿಮಿಷ ಹಾಕಬೇಕಾದರೆ ಮೊದಲು 0 ಒತ್ತಿ, ಡಿಗ್ರಿ ಕೀಲಿ ಒತ್ತಿ, ಆಮೇಲೆ 50 ಮತ್ತು ಡಿಗ್ರಿ ಕೀಲಿ. ಸೊನ್ನೆ ಬಿಟ್ಟರೆ ಅದು 50 ಗಂಟೆ ಎಂದು ತೆಗೆದುಕೊಳ್ಳುತ್ತದೆ. ಒಂದು ಸಲ ನಮ್ಮ ವಾಚ್‌ಮನ್ ತಾತನಿಗೆ ಒಂದೇ ವಾರಕ್ಕೆ 50 ಗಂಟೆ ಓಟಿ ಬಂದಾಗ ಇದು ಗೊತ್ತಾಯಿತು.

ಎರಡನೆಯದು ಮೋಡ್. ಪರದೆಯ ಮೇಲೆ ಎಸ್‌ಡಿ ಎಂದು ಸಣ್ಣದಾಗಿ ಕಾಣುತ್ತಿದ್ದರೆ ಅದು ಸ್ಟ್ಯಾಟಿಸ್ಟಿಕ್ಸ್ ಲೆಕ್ಕಕ್ಕೆ ನಿಂತಿದೆ ಎಂದರ್ಥ. ಆಗ ಎಂ ಪ್ಲಸ್ ಕೀಲಿ ಮೆಮೊರಿಗೆ ಕೂಡಿಸುವ ಕೆಲಸ ಮಾಡುವುದಿಲ್ಲ, ಅಂಕಿಅಂಶ ತುಂಬುವ ಕೀಲಿಯಾಗುತ್ತದೆ. ಮಗಳು ಬಿಟ್ಟಿದ್ದು ಅದೇ ಮೋಡ್‌ನಲ್ಲಿ. ಮೆಮೊರಿಗೆ ಯಾಕೆ ಏನೂ ಹೋಗುತ್ತಿಲ್ಲ ಎಂದು ನಾನು ಒಂದು ಸಂಜೆ ಪೂರ್ತಿ ಒದ್ದಾಡಿದೆ. ಮೋಡ್ ಒತ್ತಿ 1 ಒತ್ತಿದರೆ ಮಾಮೂಲಿ ಲೆಕ್ಕದ ಕಾಂಪ್ ಮೋಡ್‌ಗೆ ಬರುತ್ತದೆ. ನಮ್ಮ ಕೆಲಸಕ್ಕೆ ಅದೊಂದೇ ಸಾಕು.

ಪೈಸೆಯ ವಿಷಯ ಇನ್ನೊಂದು. ಮೋಡ್ ಕೀಲಿಯನ್ನು ಒತ್ತುತ್ತಾ ಹೋದರೆ ಫಿಕ್ಸ್ ಅನ್ನುವುದು ಬರುತ್ತದೆ. ಅದರಲ್ಲಿ 2 ಎಂದು ಕೊಟ್ಟರೆ ಚುಕ್ಕಿಯ ಆಚೆ ಎರಡೇ ಅಂಕಿ ತೋರಿಸುತ್ತದೆ. ತೋರಿಸುವುದು ಮಾತ್ರ ಎರಡು, ಒಳಗೆ ಪೂರ್ತಿ ಸಂಖ್ಯೆಯೇ ಇರುತ್ತದೆ. ಎಲ್ಲರ ಗಂಟೆ ದರವೂ 88.75ರ ಹಾಗೆ ಚೊಕ್ಕವಾಗಿ ಬರುವುದಿಲ್ಲ. 20,000ವನ್ನು 26ರಿಂದ, ಆಮೇಲೆ 8ರಿಂದ ಭಾಗಿಸಿದರೆ 96.15384 ಹೀಗೆ ಹೋಗುತ್ತಲೇ ಇರುತ್ತದೆ. ಅದನ್ನು ಮಧ್ಯದಲ್ಲಿ 96ಕ್ಕೆ ಕತ್ತರಿಸಬಾರದು. ಪೂರ್ತಿ ಲೆಕ್ಕ ಮುಗಿದ ಮೇಲೆ ಒಂದೇ ಸಲ ಪೈಸೆಗೆ ತರಬೇಕು.

ರಾತ್ರಿ ಪಾಳಿಗೆ ಒಂದು ಉಪಾಯ ಇದೆ. ರಾತ್ರಿ ಎಂಟೂವರೆಗೆ ಓಟಿ ಶುರು ಮಾಡಿ ಬೆಳಗಿನ ಜಾವ 1 ಗಂಟೆ 20 ನಿಮಿಷಕ್ಕೆ ಮುಗಿಸಿದರೆ, 1 ಗಂಟೆ 20ರಿಂದ 20 ಗಂಟೆ 30 ಕಳೆಯಲು ಆಗುವುದಿಲ್ಲ. 1ಕ್ಕೆ 24 ಸೇರಿಸಿ 25 ಗಂಟೆ 20 ನಿಮಿಷ ಎಂದು ಹಾಕಿ ಕಳೆಯಿರಿ. 4 ಗಂಟೆ 50 ನಿಮಿಷ ಬರುತ್ತದೆ. 25 ಗಂಟೆ ಅಂದರೂ ಕ್ಯಾಲ್ಕುಲೇಟರ್ ತಕರಾರು ಮಾಡುವುದಿಲ್ಲ.

ಎಕ್ಸೆಲ್ ಇರುವಾಗ ಇದೆಲ್ಲ ಯಾಕೆ ಎಂದು ನಮ್ಮ ಆಡಿಟರ್ ಕೇಳಿದರು. ನಾನು ಎಕ್ಸೆಲ್ ಬಿಟ್ಟಿಲ್ಲ. ತಿಂಗಳ ಶೀಟ್ ಈಗಲೂ ಅದರಲ್ಲೇ ಇದೆ. ಆದರೆ ಎಕ್ಸೆಲ್‌ಗೆ ಒಂದು ಇಡೀ ದಿನ ಅಂದರೆ 1. ಗಂಟೆ ಅನ್ನುವುದು ಅದರ 24ನೇ ಒಂದು ಭಾಗ. ಹಾಗಾಗಿ ಹಣಕ್ಕೆ ಗುಣಿಸುವ ಮುಂಚೆ 24ರಿಂದ ಗುಣಿಸಬೇಕು. ಮೊತ್ತ 24 ಗಂಟೆ ದಾಟಿದರೆ, ಫಾರ್ಮ್ಯಾಟ್ ಬದಲಿಸದ ಹೊರತು ಅದು ಮತ್ತೆ ಸೊನ್ನೆಯಿಂದ ಎಣಿಸಿ ತೋರಿಸುತ್ತದೆ. 26 ಗಂಟೆ 10 ನಿಮಿಷ ಓಟಿ ಮಾಡಿದವನದು 2 ಗಂಟೆ 10 ನಿಮಿಷ ಎಂದು ಕಾಣುತ್ತದೆ. ಗೊತ್ತಿದ್ದವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ಲೇತ್ ಬಿಟ್ಟು ಎಣ್ಣೆ ಕೈ ಒರೆಸಿಕೊಂಡು ಬಂದು ನಿಂತವರಿಗೆ ಕಂಪ್ಯೂಟರ್ ತಿರುಗಿಸಿ ಫಾರ್ಮುಲಾ ತೋರಿಸಿದರೆ ಏನು ಅರ್ಥವಾಗುತ್ತದೆ? ಕ್ಯಾಲ್ಕುಲೇಟರ್ ಅವರ ಕೈಗೇ ಕೊಡಬಹುದು. ಶೀಟ್‌ನ ಮೊತ್ತ ಮತ್ತು ಇದರ ಮೊತ್ತ ಎರಡೂ ಹೊಂದಿದ ಮೇಲೆಯೇ ನಾನು ಸ್ಲಿಪ್ ತೆಗೆಯುತ್ತೇನೆ.

ಇದು ಮಾಡದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಲೆಕ್ಕವನ್ನು ಪೇಪರಿನ ಮೇಲೆ ಇಳಿಸುವುದಿಲ್ಲ, ರಿಜಿಸ್ಟರ್ ನೀವೇ ಬರೆಯಬೇಕು. ಪಿಎಫ್, ಇಎಸ್‌ಐ ನಿಯಮ ಇದಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತಿರಬೇಕು. ಓಟಿ ಹಣಕ್ಕೆ ಪಿಎಫ್ ಹಿಡಿಯುವಂತಿಲ್ಲ. ಇಎಸ್‌ಐ ಅನ್ನು ಹಳೇ ಕಾನೂನಿನಲ್ಲಿ ಓಟಿ ಹಣಕ್ಕೂ ಹಿಡಿಯಬೇಕಿತ್ತು, ಕೆಲಸದವರ ಪಾಲು ಶೇಕಡಾ 0.75, ಕಂಪನಿಯದು 3.25. ಇಲ್ಲಿ ಒಂದು ಭಯ ಸುಮಾರು ಜನಕ್ಕೆ ಇದೆ. ಓಟಿ ಸೇರಿ ಸಂಬಳ 21,000 ದಾಟಿದರೆ ಇಎಸ್‌ಐ ಕಾರ್ಡ್ ಹೋಗುತ್ತದೆ ಎಂದು ಹೆದರಿ ಓಟಿಯೇ ಬೇಡ ಎನ್ನುವವರನ್ನು ನೋಡಿದ್ದೇನೆ. ಹೋಗುವುದಿಲ್ಲ. ಆ 21,000ದ ಮಿತಿ ನೋಡುವಾಗ ಓಟಿ ಹಣವನ್ನು ಸೇರಿಸುವುದಿಲ್ಲ. ಹೆಂಡತಿಯ ಹೆರಿಗೆ ಹತ್ತಿರ ಇದ್ದ ಒಬ್ಬ ಫಿಟ್ಟರ್ ಇದೇ ಕಾರಣಕ್ಕೆ ಎರಡು ತಿಂಗಳು ಓಟಿ ಬಿಟ್ಟಿದ್ದ. ಕೈಗೆ ಹಣ ಬೇಕಾಗಿದ್ದೇ ಆ ಎರಡು ತಿಂಗಳಲ್ಲಿ. ಅದನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಅವನು ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ.

ಕರೆಂಟ್ ಚಿಂತೆ ಇಲ್ಲ. ಸೋಲಾರ್ ಇದೆ, ಒಳಗೆ ಎಲ್‌ಆರ್44 ಅನ್ನುವ ಬಟನ್ ಸೆಲ್ ಕೂಡ ಇದೆ. ಕೀಲಿಗಳು ಸಣ್ಣವು, ಮೇಲಿನ ಅಕ್ಷರಗಳು ಇನ್ನೂ ಸಣ್ಣವು. ನಾನು ಕನ್ನಡಕ ಹಾಕಿಕೊಂಡೇ ಬಳಸುತ್ತೇನೆ. ಡಿಗ್ರಿ ಕೀಲಿಯ ಮೇಲೆ ಕೆಂಪು ನೈಲ್ ಪಾಲಿಶ್‌ನಲ್ಲಿ ಒಂದು ಚುಕ್ಕಿ ಇಟ್ಟಿದ್ದೇನೆ. ಯಾರೇ ಬಂದರೂ ಆ ಕೆಂಪು ಚುಕ್ಕಿ ಹುಡುಕಿದರೆ ಸಾಕು.

ಬರೀ ಓಟಿಗೆ ಅಂತ ಕೊಳ್ಳುವವರು 991ಎಂಎಸ್‌ಗೇ ಹೋಗಬೇಕೆಂದೇನೂ ಇಲ್ಲ. ಅದೇ ಕಂಪನಿಯ ಎಫ್‌ಎಕ್ಸ್-82ಎಂಎಸ್‌ನಲ್ಲೂ ಈ ಡಿಗ್ರಿ ಕೀಲಿ ಇದೆ, ಎರಡು ಸಾಲಿನ ಪರದೆ ಇದೆ, ಬೆಲೆಯೂ ಕಮ್ಮಿ. ಮನೆಯಲ್ಲಿ ಡಿಪ್ಲೊಮಾ, ಇಂಜಿನಿಯರಿಂಗ್ ಮುಗಿಸಿದ ಮಕ್ಕಳಿದ್ದರೆ ಅಂಗಡಿಗೆ ಹೋಗುವ ಮುಂಚೆ ಅವರ ಹಳೇ ಬ್ಯಾಗ್ ಒಂದು ಸಲ ನೋಡಿ.

ಆರು ತಿಂಗಳ ಬಾಕಿ ಲೆಕ್ಕ ಮುಗಿಸಲು ನನಗೆ ಮೂರು ಭಾನುವಾರ ಬೇಕಾಯಿತು. ಎಲ್ಲರಿಗೂ ಬೇರೆ ಕವರ್‌ನಲ್ಲಿ ಹಾಕಿ, ಒಳಗೆ ದಿನದ ಪ್ರಕಾರ ಬರೆದ ಚೀಟಿ ಇಟ್ಟು ಕೊಟ್ಟೆವು. ನಮ್ಮಲ್ಲಿ 7ನೇ ತಾರೀಖಿನೊಳಗೆ ಸಂಬಳ ಆಗಬೇಕು. ಈಗ 3 ಮತ್ತು 4ನೇ ತಾರೀಖು ಸಂಜೆ ಟೀ ಹೊತ್ತಿಗೆ ಕ್ಯಾಲ್ಕುಲೇಟರ್ ಅನ್ನು ಆಫೀಸ್ ಕಿಟಕಿಯ ಕಟ್ಟೆ ಮೇಲೆ ಇಡುತ್ತೇನೆ, ಪಕ್ಕದಲ್ಲಿ ಓಟಿ ರಿಜಿಸ್ಟರ್. ಬಂದವರು ತಮ್ಮ ಪುಟ ತೆಗೆದು ತಾವೇ ಕೂಡಿ ನೋಡುತ್ತಾರೆ. ಹೊಸಬರಿಗೆ ಕೀಲಿ ಒತ್ತುವುದನ್ನು ಹೇಳಿಕೊಡುವುದು ಸಿಂಧನೂರಿನ ಆ ಹುಡುಗ. "ಚುಕ್ಕಿ ಒತ್ತಬ್ಯಾಡ್ರಲೇ, ಕೆಂಪಂದು ಒತ್ರಿ" ಎನ್ನುವುದು ಒಳಗೆ ಕೂತ ನನಗೂ ಕೇಳಿಸುತ್ತದೆ.